ಪಾರ್ಟಿಗೆ ಬಣ್ಣಬಣ್ಣದ ಡೆವಿಲ್ಡ್ ಎಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಒಳಗಿನ ಹಳದಿ ತೆಗೆದು, ಅದಕ್ಕೆ ಖಾರ, ಹುಳಿ ಸೇರಿಸಿ ನಯವಾಗಿ ಕಲಸಿ, ಮತ್ತೆ ಅದೇ ಗುಳಿಗೆ ತುಂಬಿದರೆ ಡೆವಿಲ್ಡ್ ಎಗ್ ಆಯಿತು. ಒಲೆ ಮುಂದೆ ನಿಲ್ಲುವ ಕೆಲಸ ಕಡಿಮೆ, ಎಣ್ಣೆ ಬೇಡ, ತಣ್ಣಗೇ ತಿನ್ನಬಹುದು. ಅದಕ್ಕೇ ಮಕ್ಕಳ ಬರ್ತ್‌ಡೇಗೆ ಇದು ಬಹಳ ಅನುಕೂಲ. ಬಣ್ಣ, ಆಕಾರ ಕೊಟ್ಟರಂತೂ ಮಕ್ಕಳು ಕೇಕ್ ಬಿಟ್ಟು ಇತ್ತ ಬರುತ್ತಾರೆ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಕಡೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಇಡೀ ಬರಹದಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತು ಒಂದೇ: ಬಣ್ಣಕ್ಕೆ ಬಾಟಲಿ ಬೇಡ. ನಮ್ಮ ಸಂತೆಯಲ್ಲಿ ಸಿಗುವ ತರಕಾರಿ, ಹೂವು ಸಾಕು.

ಅಂಗಡಿಯ ಫುಡ್ ಕಲರ್ ಎರಡು ಹನಿ ಹಾಕಿದರೆ ಏನು ತಪ್ಪು?

ಅನುಮತಿ ಇರುವ ಬಣ್ಣಗಳೂ ಇವೆ, ನಿಜ. ಆದರೆ ಯಾವ ತಿಂಡಿಗೆ ಹಾಕಬಹುದು, ಎಷ್ಟು ಹಾಕಬಹುದು ಅನ್ನುವುದಕ್ಕೆ ಮಿತಿ ಇದೆ. ಮನೆಯಲ್ಲಿ ಆ ಅಳತೆ ನೋಡುವವರು ಯಾರು? ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ಬಂತು. ಬಿಡಿಯಾಗಿ, ಲೇಬಲ್ ಇಲ್ಲದೆ ಪೊಟ್ಟಣ ಕಟ್ಟಿ ಕೊಡುವ ಬಣ್ಣದ ಪುಡಿಯನ್ನಂತೂ ಮಕ್ಕಳ ತಟ್ಟೆಗೆ ಹಾಕಲೇಬೇಡಿ. ಬೀಟ್‌ರೂಟ್‌ನ ಗುಲಾಬಿ ಬಣ್ಣದ ಮುಂದೆ ಆ ಪುಡಿಯ ಬಣ್ಣ ಏನೂ ಅಲ್ಲ.

ಯಾವುದರಿಂದ ಯಾವ ಬಣ್ಣ ಬರುತ್ತದೆ?

ಮೊದಲು ಒಂದು ವಿಷಯ ತಿಳಿದಿರಲಿ. ಬೆಂದ ಮೊಟ್ಟೆಯ ಬಿಳಿ ಸ್ವಲ್ಪ ಕ್ಷಾರ ಗುಣದ್ದು, ಅಂದರೆ ಸುಣ್ಣ, ಸೋಡಾದ ಕಡೆಯದು. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿದ ಕೂಡಲೇ ಅದು ಕೆಂಪಾಗುತ್ತದೆ ಅಲ್ವಾ? ತರಕಾರಿ ಬಣ್ಣಗಳೂ ಹೀಗೆಯೇ ಹುಳಿ ಕಂಡರೆ ಒಂದು ಥರ, ಕ್ಷಾರ ಕಂಡರೆ ಇನ್ನೊಂದು ಥರ ಆಗುತ್ತವೆ. ಇದು ಗೊತ್ತಿದ್ದರೆ ಮೊಟ್ಟೆಯ ಮೇಲೆ ಬಣ್ಣ ಬದಲಾದಾಗ ಗಾಬರಿ ಆಗುವುದಿಲ್ಲ.

ಗುಲಾಬಿಗೆ ಬೀಟ್‌ರೂಟ್. ಒಂದು ದೊಡ್ಡ ಗೆಡ್ಡೆ ತುರಿದು, ಎರಡು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ಪೂರ್ತಿ ಆರಿದ ಮೇಲೆ ಎರಡು ಚಮಚ ವಿನೆಗರ್ ಮತ್ತು ಅರ್ಧ ಚಮಚ ಉಪ್ಪು ಹಾಕಿ, ಸಿಪ್ಪೆ ಸುಲಿದ ಇಡೀ ಮೊಟ್ಟೆಗಳನ್ನು ಮುಳುಗಿಸಿಡಿ. ಅರ್ಧ ಗಂಟೆಗೆ ತೆಳು ಗುಲಾಬಿ ಬರುತ್ತದೆ, ಎರಡು ಗಂಟೆಗೆ ಗಾಢವಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬಣ್ಣ ಒಳಕ್ಕೆ ಇಳಿಯುತ್ತದೆ, ಜೊತೆಗೆ ಗೆಡ್ಡೆಯ ಮಣ್ಣಿನ ವಾಸನೆಯೂ ಬರುತ್ತದೆ. ನನಗೆ ಇಷ್ಟ ಆಗುವುದು ಎರಡು ಗಂಟೆಯದು. ಹೋಳು ಮಾಡಿದಾಗ ಅಂಚಿನಲ್ಲಿ ಗುಲಾಬಿ ಗೆರೆ, ಒಳಗೆ ಬಿಳಿ, ನಡುವೆ ಹಳದಿ. ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ.

ನೀಲಿಗೆ ಶಂಖಪುಷ್ಪ. ಕಾಂಪೌಂಡಿನ ಮೇಲೆ ಹಬ್ಬುವ ಅದೇ ಬಳ್ಳಿ. ಔಷಧಿ ಹೊಡೆಯದ ಮನೆಯ ಗಿಡದ್ದೇ ಆಗಿರಲಿ. ಒಂದು ಹಿಡಿ ನೀಲಿ ಹೂವನ್ನು ಬಿಸಿ ನೀರಿನಲ್ಲಿ ನೆನೆಸಿ ಸೋಸಿದರೆ ಬಣ್ಣ ರೆಡಿ. ಇದಕ್ಕೆ ವಿನೆಗರ್ ಹಾಕಬೇಡಿ, ನೇರಳೆಗೆ ತಿರುಗುತ್ತದೆ. ನೇರಳೆಯೇ ಬೇಕಾದರೆ ನಾಲ್ಕು ಹನಿ ನಿಂಬೆರಸ ಹಿಂಡಿ. ಹೂವು ಸಿಗದಿದ್ದರೆ ಕೆಂಪು ಎಲೆಕೋಸು. ಅದರ ನೀರು ಪಾತ್ರೆಯಲ್ಲಿ ನೇರಳೆಯಾಗಿ ಕಾಣುತ್ತದೆ, ಮೊಟ್ಟೆಗೆ ಹತ್ತುವುದು ನೀಲಿ. ಆಗಲೇ ಹೇಳಿದ ಕ್ಷಾರದ ಕಾರಣ.

ಹಳದಿಗೆ ಅರಿಶಿನ. ಎರಡು ಲೋಟ ನೀರಿಗೆ ಒಂದು ಚಮಚ ಅರಿಶಿನ, ಒಂದು ಚಮಚ ವಿನೆಗರ್. ವಿನೆಗರ್ ಬಿಟ್ಟರೆ ಹಳದಿ ಹೋಗಿ ಮಾಸಲು ಕಿತ್ತಳೆ ಬರಬಹುದು. ಹದಿನೈದು ನಿಮಿಷ ಸಾಕು.

ಹಸಿರು ಸ್ವಲ್ಪ ಕಷ್ಟ. ಪಾಲಕ್ ನೀರು ಬಿಳಿಗೆ ಸರಿಯಾಗಿ ಹತ್ತುವುದಿಲ್ಲ, ಹುಳಿ ತಾಗಿದರೆ ಮಂಕಾಗುತ್ತದೆ. ಅದಕ್ಕೆ ಹಸಿರನ್ನು ಹೊರಗೆ ಬಳಿಯದೆ ಒಳಗಿನ ಹೂರಣಕ್ಕೆ ಸೇರಿಸಿ. ಕೊತ್ತಂಬರಿ, ಪುದೀನ, ಒಂದು ಹಸಿಮೆಣಸಿನಕಾಯಿಯನ್ನು ನೀರು ಹಾಕದೆ ಗಟ್ಟಿಯಾಗಿ ರುಬ್ಬಿ ಹಳದಿಯ ಜೊತೆ ಕಲಸಿದರೆ ಚೆಂದದ ಗಿಳಿ ಹಸಿರು. ರುಚಿಯಲ್ಲಿ ನಮ್ಮವರಿಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದೂ ಇದೇ.

ಬಣ್ಣ ಒಂದು ಕಡೆ ಗಾಢ, ಒಂದು ಕಡೆ ತೆಳು ಬರುತ್ತದೆ. ಯಾಕೆ?

ಮೊಟ್ಟೆಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಆ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಅಗಲ ಪಾತ್ರೆ ತಗೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ಚಮಚದಿಂದ ಮೆಲ್ಲಗೆ ಹೊರಳಿಸಿ. ಸುಲಿಯುವಾಗ ಉಳಿದ ತೆಳು ಪೊರೆಯನ್ನೂ ಪೂರ್ತಿ ತೆಗೆಯಿರಿ. ನೆನೆಸಿದ ಮೇಲೆ ಬಟ್ಟೆಯ ಮೇಲೆ ಒಣಗಿಸಿ ಆಮೇಲೆ ಕತ್ತರಿಸಿ. ಒದ್ದೆ ಇದ್ದಾಗಲೇ ಕತ್ತರಿಸಿದರೆ ಗುಲಾಬಿ ನೀರು ಒಳಗಿನ ಬಿಳಿಗೆ ಹರಿದು ಕೊಳಕಾಗಿ ಕಾಣುತ್ತದೆ.

ನಾಟಿ ಮೊಟ್ಟೆಯೋ, ಫಾರಂ ಮೊಟ್ಟೆಯೋ?

ತಿನ್ನಲು ನಾಟಿ, ಅಲಂಕಾರಕ್ಕೆ ಫಾರಂ. ನಾಟಿ ಕೋಳಿ ಮೊಟ್ಟೆ ಚಿಕ್ಕದು, ಒಂದರ ಗಾತ್ರ ಇನ್ನೊಂದಕ್ಕಿಲ್ಲ. ತಟ್ಟೆಯಲ್ಲಿ ಸಾಲಾಗಿ ಇಟ್ಟಾಗ ಎಲ್ಲ ಒಂದೇ ಸಮ ಇದ್ದರೇ ಅಂದ.

ತೀರಾ ತಾಜಾ ಮೊಟ್ಟೆ ಬೇಡ. ಮೊಟ್ಟೆ ಇಟ್ಟ ಹೊಸದರಲ್ಲಿ ಬಿಳಿಯು ಒಳಪೊರೆಗೆ ಗಟ್ಟಿಯಾಗಿ ಅಂಟಿರುತ್ತದೆ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಬಿಳಿಯ ಕ್ಷಾರ ಗುಣ ಹೆಚ್ಚುತ್ತದೆ, ಅಂಟು ಸಡಿಲ ಆಗುತ್ತದೆ. ವಾರ ಹತ್ತು ದಿನದ ಮೊಟ್ಟೆ ಸಲೀಸಾಗಿ ಸುಲಿಯಲು ಬರುತ್ತದೆ. ಅಂಗಡಿಯಲ್ಲಿ ತಾರೀಖು ಗೊತ್ತಾಗದಿದ್ದರೆ ಮನೆಗೆ ತಂದು ನೀರಿಗೆ ಹಾಕಿ ನೋಡಿ. ತಳದಲ್ಲಿ ಅಡ್ಡ ಮಲಗಿದರೆ ಹೊಸದು. ತಳದಲ್ಲೇ ಇದ್ದು ಒಂದು ತುದಿ ಮೇಲೆದ್ದರೆ ನಮ್ಮ ಕೆಲಸಕ್ಕೆ ಸರಿಯಾದದ್ದು. ತೇಲಿದರೆ ಎಸೆಯಿರಿ.

ಎಷ್ಟು ನಿಮಿಷ ಬೇಯಿಸಬೇಕು? ವಿಡಿಯೊದಲ್ಲಿ ಹೇಳಿದಷ್ಟು ಬೇಯಿಸಿದರೂ ನಡುವೆ ಹಸಿ ಉಳಿಯುತ್ತದೆ.

ಸಮುದ್ರ ತೀರದ ಊರಿನವರ ಲೆಕ್ಕ ನಮಗೆ ಸರಿಹೊಂದುವುದಿಲ್ಲ. ಚಿಕ್ಕಬಳ್ಳಾಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರ್‌ಗೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಂದರೆ ನಮ್ಮಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ 95ಕ್ಕೇ ಕುದಿಯುತ್ತದೆ. ಹಾಗಾಗಿ ಒಂದೆರಡು ನಿಮಿಷ ಜಾಸ್ತಿ ಕೊಡಿ.

ನಾನು ಹೇಳುವ ಕ್ರಮ ಇದು. ನೀರು ಚೆನ್ನಾಗಿ ಕುದಿಯಲಿ. ಫ್ರಿಜ್‌ನಿಂದ ತೆಗೆದ ಮೊಟ್ಟೆ ಅರ್ಧ ಗಂಟೆ ಹೊರಗಿರಲಿ. ಸೌಟಿನಿಂದ ಒಂದೊಂದೇ ಮೊಟ್ಟೆ ಇಳಿಸಿ, ಉರಿ ಸಣ್ಣ ಮಾಡಿ, 12 ನಿಮಿಷ ಬೇಯಿಸಿ. ತಣ್ಣೀರಿನಲ್ಲಿ ಇಟ್ಟು ಕಾಯಿಸುವುದಕ್ಕಿಂತ ಕುದಿಯುವ ನೀರಿಗೆ ಹಾಕಿದ ಮೊಟ್ಟೆ ಚೆನ್ನಾಗಿ ಸುಲಿಯುತ್ತದೆ. ಮೊದಲ ಮೂರು ನಿಮಿಷ ಚಮಚದಿಂದ ನಿಧಾನಕ್ಕೆ ತಿರುಗಿಸುತ್ತಾ ಇದ್ದರೆ ಹಳದಿ ನಡುವೆಯೇ ನಿಲ್ಲುತ್ತದೆ. ಅಲಂಕಾರಕ್ಕೆ ಇದು ತುಂಬಾ ಮುಖ್ಯ. ಹಳದಿ ಒಂದು ಪಕ್ಕಕ್ಕೆ ಸರಿದರೆ ಆ ಕಡೆಯ ಬಿಳಿ ಕಾಗದದಷ್ಟು ತೆಳುವಾಗಿ, ತುಂಬುವಾಗ ಹರಿಯುತ್ತದೆ.

ಕುಕ್ಕರ್ ಬೇಡ. ಅದರಲ್ಲಿ ತಿರುಗಿಸಲು ಆಗುವುದಿಲ್ಲ, ಸಮಯವೂ ಕೈ ಮೀರುತ್ತದೆ.

ಹಳದಿ ಸುತ್ತ ಹಸಿರು-ಬೂದು ಉಂಗುರ ಬರುತ್ತದಲ್ಲ, ಅದು ಕೆಟ್ಟಿದೆ ಅಂತಲಾ?

ಕೆಟ್ಟಿಲ್ಲ, ಜಾಸ್ತಿ ಬೆಂದಿದೆ. ಬಿಳಿಯಲ್ಲಿರುವ ಗಂಧಕವೂ ಹಳದಿಯಲ್ಲಿರುವ ಕಬ್ಬಿಣವೂ ಸೇರಿ ಆ ಬಣ್ಣ ಬರುತ್ತದೆ. ತಿಂದರೆ ಏನೂ ಆಗುವುದಿಲ್ಲ. ಆದರೆ ಹಳದಿಯನ್ನು ಕಲಸಿದಾಗ ಬಣ್ಣ ಮಂಕಾಗುತ್ತದೆ. 12 ನಿಮಿಷ ಆದ ತಕ್ಷಣ ಐಸ್ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಉಂಗುರ ಬರುವುದಿಲ್ಲ.

ಸುಲಿಯುವಾಗ ಗುಳಿ ಗುಳಿ ಬೀಳದಂತೆ ಏನು ಮಾಡಬೇಕು?

ಅಗಲ ತುದಿಯಲ್ಲಿ ಗಾಳಿಯ ಜಾಗ ಇರುತ್ತದೆ. ಅಲ್ಲಿ ಮೊದಲು ತಟ್ಟಿ, ನಂತರ ಸುತ್ತಲೂ ಬಿರುಕು ಬಿಡಿಸಿ, ನೀರಿನೊಳಗೇ ಸುಲಿಯಿರಿ. ಪೊರೆಯ ಕೆಳಗೆ ನೀರು ಹೊಕ್ಕರೆ ಸಿಪ್ಪೆ ತಾನಾಗಿ ಜಾರುತ್ತದೆ. ಗುಳಿ ಬಿದ್ದ ಒಂದೆರಡು ಮೊಟ್ಟೆಯ ಹಳದಿಯನ್ನು ಹೂರಣಕ್ಕೆ ಸೇರಿಸಿ, ಎಲ್ಲ ಹೋಳಿಗೂ ತುಂಬಿ ತುಳುಕುವಷ್ಟು ಸಿಗುತ್ತದೆ.

ಒಳಗಿನ ಹೂರಣದ ಅಳತೆ ಹೇಳಿ.

12 ಮೊಟ್ಟೆಯ ಹಳದಿಗೆ: ದೊಡ್ಡ ಚಮಚದಲ್ಲಿ 6 ಚಮಚ ಮಯೊನೀಸ್, ಸಣ್ಣ ಚಮಚದಲ್ಲಿ 2 ಚಮಚ ಸಾಸಿವೆ ಸಾಸ್, 1 ಚಮಚ ವಿನೆಗರ್ ಅಥವಾ ನಿಂಬೆರಸ, ಉಪ್ಪು, ಕಾಳುಮೆಣಸಿನ ಪುಡಿ. ಮೇಲೆ ಉದುರಿಸಲು ಬ್ಯಾಡಗಿ ಮೆಣಸಿನ ಪುಡಿ. ಹೊರದೇಶದವರು ಪಪ್ರಿಕಾ ಹಾಕುವ ಜಾಗಕ್ಕೆ ಬ್ಯಾಡಗಿ ಹೇಳಿ ಮಾಡಿಸಿದಂತಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ.

ಮೊದಲು ಹಳದಿಯನ್ನು ಟೀ ಸೋಸುವ ಜರಡಿಯಲ್ಲಿ ಚಮಚದಿಂದ ಉಜ್ಜಿ ಪುಡಿ ಮಾಡಿಕೊಳ್ಳಿ. ಒಂದೂ ಗಂಟು ಉಳಿಯಬಾರದು. ಮಯೊನೀಸ್ ಒಂದೇ ಸಲ ಸುರಿಯಬೇಡಿ. ನಾಲ್ಕು ಚಮಚ ಹಾಕಿ ಕಲಸಿ, ಆಮೇಲೆ ಬೇಕಾದಷ್ಟು ಸೇರಿಸಿ. ಚಪಾತಿಗೆ ಹಚ್ಚುವ ಬೆಣ್ಣೆಯ ಹದಕ್ಕೆ ಬಂದರೆ ಸರಿ. ಈರುಳ್ಳಿಯನ್ನು ಹೂರಣಕ್ಕೆ ಹಾಕಬೇಡಿ, ನೀರು ಬಿಡುತ್ತದೆ. ಬೇಕಿದ್ದರೆ ಬಡಿಸುವಾಗ ಮೇಲೆ ಉದುರಿಸಿ.

ಸಾಸಿವೆ ಸಾಸ್ ಸಿಗದಿದ್ದರೆ ಒಂದು ಚಮಚ ಸಾಸಿವೆಯನ್ನು ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಚಿಟಿಕೆ ಅರಿಶಿನ, ಸಕ್ಕರೆ ಹಾಕಿ ರುಬ್ಬಿ. ಇದರ ಘಾಟು ಜಾಸ್ತಿ. ಅರ್ಧ ಅಳತೆ ಸಾಕು.

ಮಯೊನೀಸ್ ಸುರಕ್ಷಿತವಾ?

ಮನೆಯಲ್ಲಿ ಹಸಿ ಮೊಟ್ಟೆ ಒಡೆದು ಮಾಡುವ ಮಯೊನೀಸ್ ಬೇಡ. ಅದರಲ್ಲಿ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬೆಳೆಯುವ ಭಯ ಇದೆ. ಈ ಕಾರಣಕ್ಕೇ ಹಸಿ ಮೊಟ್ಟೆಯ ಮಯೊನೀಸನ್ನು ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಅಂಗಡಿಯಲ್ಲಿ ಸಿಗುವ ಮೊಟ್ಟೆ ಇಲ್ಲದ ಮಯೊನೀಸ್ ತನ್ನಿ, ತಾರೀಖು ನೋಡಿ ತನ್ನಿ. ಅದೂ ಬೇಡ ಅಂದರೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ತೂಗುಹಾಕಿ. ನೀರು ಇಳಿದ ಆ ಮೊಸರಿಗೆ ಒಂದು ಚಮಚ ಬೆಣ್ಣೆ ಸೇರಿಸಿ ಕಲಸಿದರೆ ರುಚಿ ಚೆನ್ನಾಗಿರುತ್ತದೆ. ಆಗ ವಿನೆಗರ್ ಬೇಡ, ಮೊಸರಿನ ಹುಳಿಯೇ ಸಾಕು.

ಹೂವಿನ ಹಾಗೆ ತುಂಬಲು ನಳಿಗೆ ಬೇಕೇಬೇಕಾ?

ನಕ್ಷತ್ರದ ನಳಿಗೆ ಇದ್ದರೆ ಚೆಂದ. ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಹಾಲಿನ ಕವರ್‌ಗೆ ಹೂರಣ ತುಂಬಿ, ಮೂಲೆಯನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕತ್ತರಿಸಿ ಹಿಂಡಿ. ಎಲೆಯಂತೆ ಬೀಳುತ್ತದೆ. ಸುತ್ತ ಐದು ಎಲೆ, ನಡುವೆ ಒಂದು ಚುಕ್ಕೆ.

ಮಕ್ಕಳಿಗೆ ಯಾವ ಆಕಾರ ಮಾಡಲಿ?

ಕೋಳಿಮರಿ. ಇದಕ್ಕೆ ಸಮ ಇಲ್ಲ.

ಮೊಟ್ಟೆಯ ಅಗಲ ತುದಿಯಲ್ಲಿ ತೆಳುವಾಗಿ ಒಂದು ಬಿಲ್ಲೆ ಕೊಯ್ದು ಅದು ನಿಲ್ಲುವಂತೆ ಮಾಡಿ. ಮೇಲಿನಿಂದ ಮೂರನೇ ಒಂದು ಭಾಗ ಕೆಳಗೆ, ಚೂಪು ಚಾಕುವಿನ ತುದಿಯನ್ನು ಬಿಳಿಯ ದಪ್ಪದಷ್ಟೇ ಒಳಗೆ ಚುಚ್ಚಿ, ಓರೆ ಕೊಯ್ತ ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಹೀಗೆ ಸುತ್ತಲೂ ಹಲ್ಲು ಹಲ್ಲಾಗಿ ಬನ್ನಿ. ಪ್ರತಿ ಚುಚ್ಚಿಗೂ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಟೋಪಿ ಬಿಡಿಸಿ, ಸಣ್ಣ ಚಮಚದಿಂದ ಹಳದಿ ತೆಗೆದು, ಕಲಸಿದ ಹೂರಣವನ್ನು ಗೋಪುರದಂತೆ ಎತ್ತರಕ್ಕೆ ತುಂಬಿ. ಟೋಪಿಯನ್ನು ಸ್ವಲ್ಪ ಹಿಂದಕ್ಕೆ ಓರೆಯಾಗಿ ಇಡಿ. ಕ್ಯಾರೆಟ್‌ನ ಸಣ್ಣ ಮುಕ್ಕೋನ ಕೊಕ್ಕು ಆಗುತ್ತದೆ, ಎರಡು ಕರಿ ಎಳ್ಳು ಕಣ್ಣು. ಕಣ್ಣನ್ನು ಬೆರಳಿನಿಂದ ಇಡಲು ಹೋಗಬೇಡಿ, ಒದ್ದೆ ಮಾಡಿದ ಟೂತ್‌ಪಿಕ್ ತುದಿಗೆ ಎಳ್ಳು ಅಂಟಿಸಿಕೊಂಡು ಒತ್ತಿ. ಕಣ್ಣುಗಳ ನಡುವೆ ಜಾಗ ಕಡಿಮೆ ಇದ್ದಷ್ಟೂ ಮರಿ ಮುದ್ದಾಗಿ ಕಾಣುತ್ತದೆ.

ದೊಡ್ಡವರಿಗೆ ತಾವರೆ ಮಾಡಿ. ಬೀಟ್‌ರೂಟ್‌ನಲ್ಲಿ ನೆನೆದ ಮೊಟ್ಟೆಯನ್ನು ಇದೇ ಹಲ್ಲು ಕೊಯ್ತದಿಂದ ಸರಿಯಾಗಿ ಅಡ್ಡ ನಡುವೆ ಎರಡು ಮಾಡಿದರೆ ಎರಡು ತಾವರೆ. ಹೊರಗೆ ಗುಲಾಬಿ ಎಸಳು, ಒಳಗೆ ಬಿಳಿ, ನಡುವೆ ಹಳದಿ ಕೇಸರ. ತಟ್ಟೆಗೆ ಪಾಲಕ್ ಎಲೆ ಹಾಸಿ ಅದರ ಮೇಲಿಡಿ.

ಅಣಬೆಗೆ ಟೊಮೆಟೊ ಬೇಕು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದಲ್ಲೇ ಇರುವಾಗ ಇದಕ್ಕೆ ಕೊರತೆ ಇಲ್ಲ. ರಸ ಜಾಸ್ತಿ ಇರುವ ನಾಟಿ ಟೊಮೆಟೊ ಬಿಟ್ಟು, ಗಟ್ಟಿ ಸಿಪ್ಪೆಯ ಹೈಬ್ರಿಡ್ ಆರಿಸಿ. ಅರ್ಧ ಮಾಡಿ, ಬೀಜ ತೆಗೆದು, ಒಳಗಿನ ನೀರು ಒರೆಸಿ, ತುಂಬಿದ ಮೊಟ್ಟೆಯ ಮೇಲೆ ಟೋಪಿಯಂತೆ ಕೂರಿಸಿ. ಮೇಲೆ ಮಯೊನೀಸ್ ಚುಕ್ಕೆ ಇಡಿ. ದೋಣಿ ಬೇಕಾದರೆ ಉದ್ದ ಸೀಳಿದ ಹೋಳಿಗೆ ಕೆಂಪು, ಹಳದಿ ಕ್ಯಾಪ್ಸಿಕಂ ಮುಕ್ಕೋನವನ್ನು ಹಾಯಿಪಟದಂತೆ ಚುಚ್ಚಿ.

ಒಂದು ತಟ್ಟೆಯಲ್ಲಿ ಎರಡು ಆಕಾರಕ್ಕಿಂತ ಜಾಸ್ತಿ ಬೇಡ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ.

ಹೃದಯ, ನಕ್ಷತ್ರದ ಅಚ್ಚು ತರಿಸಿದೆ. ಮೊಟ್ಟೆ ಆಕಾರ ಹಿಡಿಯುತ್ತಿಲ್ಲ.

ಆರಿದ ಮೊಟ್ಟೆ ಹಾಕಿರಬೇಕು. ಅಚ್ಚಿಗೆ ಹಾಕುವ ಮೊಟ್ಟೆಯನ್ನು ಐಸ್ ನೀರಿಗೆ ಹಾಕದೆ, ಕೈ ತಾಳುವಷ್ಟು ಬಿಸಿ ಇರುವಾಗಲೇ ಸುಲಿದು, ಅಚ್ಚಿನಲ್ಲಿಟ್ಟು ಮುಚ್ಚಿ, ಅಚ್ಚಿನ ಸಮೇತ ಐಸ್ ನೀರಿಗೆ ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಬಿಸಿಯಲ್ಲಿ ಒತ್ತಿದ ಆಕಾರ ತಣ್ಣಗಾದಾಗ ನಿಲ್ಲುತ್ತದೆ.

ಅಚ್ಚು ಇಲ್ಲದೆಯೂ ಹೃದಯ ಮಾಡಬಹುದು. ಹಾಲಿನದೋ ಜ್ಯೂಸಿನದೋ ಗಟ್ಟಿ ರಟ್ಟಿನ ಡಬ್ಬಿಯನ್ನು ತೊಳೆದು, ಒಂದು ಪಟ್ಟಿ ಕತ್ತರಿಸಿ ಉದ್ದಕ್ಕೆ ಮಡಚಿ ಕಣಿವೆ ಮಾಡಿ. ಅದರಲ್ಲಿ ಬಿಸಿ ಮೊಟ್ಟೆ ಮಲಗಿಸಿ, ಮೇಲೆ ಉದ್ದಕ್ಕೆ ಒಂದು ಚಾಪ್‌ಸ್ಟಿಕ್ ಅಥವಾ ನಯವಾದ ಕಡ್ಡಿ ಇಟ್ಟು, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿದು ತಣ್ಣಗಾಗಲು ಬಿಡಿ. ಅಡ್ಡ ಕತ್ತರಿಸಿದರೆ ಎರಡು ಹೃದಯ.

ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಮಾಡಬಹುದಾ?

ಖಂಡಿತ. ಅರಿಶಿನದಲ್ಲಿ ನೆನೆಸಿದ ಮೊಟ್ಟೆ, ಮೇಲೆ ಸಣ್ಣಗೆ ಹೆಚ್ಚಿದ ಕೆಂಪು ಕ್ಯಾಪ್ಸಿಕಂ. ನವೆಂಬರ್ 1 ಕೆಲವು ವರ್ಷ ಕಾರ್ತಿಕ ಮಾಸದಲ್ಲಿ ಬೀಳುತ್ತದೆ. ಆಗ ಮೊಟ್ಟೆ ಮುಟ್ಟದ ಮನೆಗಳಿವೆ, ಮೊದಲೇ ವಿಚಾರಿಸಿ.

ಬರುವವರಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ಹೇಗೆ ಇಡಲಿ?

ಬೇರೆ ಮೇಜಿನಲ್ಲೇ ಇಡಿ, ಚಾಕು, ಚಮಚ ಬೇರೆ ಇರಲಿ. ಮೊಟ್ಟೆ ಎಂದು ದೊಡ್ಡದಾಗಿ ಬರೆದ ಚೀಟಿ ನಿಲ್ಲಿಸಿ. ಬಣ್ಣ ಹಾಕಿದ ಮೇಲೆ ಇದು ಸಿಹಿತಿಂಡಿಯಂತೆ ಕಾಣುತ್ತದೆ, ಗೊತ್ತಿಲ್ಲದೆ ಯಾರಾದರೂ ಬಾಯಿಗೆ ಹಾಕಿಕೊಂಡರೆ ಅವರ ಮನಸ್ಸಿಗೆ ನೋವಾಗುತ್ತದೆ. ಸೋಮವಾರ, ಶನಿವಾರ ಬಿಡುವವರೂ ತುಂಬಾ ಜನ. ಭಾನುವಾರದ ಪಾರ್ಟಿಯಾದರೆ ಈ ಚಿಂತೆ ಕಡಿಮೆ. ಮೊಟ್ಟೆ ತಿನ್ನದವರಿಗಾಗಿ ಬೇಬಿ ಆಲೂಗಡ್ಡೆ ಬೇಯಿಸಿ, ನಡುವೆ ಕೊರೆದು, ಪನೀರ್ ತುಂಬಿ ಇದೇ ಬಣ್ಣ ಕೊಡಬಹುದು.

ಪುಟ್ಟ ಮಕ್ಕಳಿಗೆ ಕೊಡಬಹುದಾ?

ಮೊಟ್ಟೆ, ಸಾಸಿವೆ ಎರಡೂ ಕೆಲವರಿಗೆ ಅಲರ್ಜಿ. ಅವರ ಅಮ್ಮನನ್ನು ಕೇಳಿಯೇ ಕೊಡಿ. ಚಿಕ್ಕ ಮಕ್ಕಳ ತಟ್ಟೆಗೆ ಟೂತ್‌ಪಿಕ್ ಬೇಡ, ಕಣ್ಣಿಗೆ ಇಡೀ ಕಾಳುಮೆಣಸೂ ಬೇಡ.

ಮೂವತ್ತು ಜನಕ್ಕೆ ಎಷ್ಟು ಮೊಟ್ಟೆ?

30ರ ಒಂದು ಟ್ರೇ. ಅರವತ್ತು ಹೋಳು ಬರುತ್ತದೆ, ತಲೆಗೆ ಎರಡು. ಒಡೆದದ್ದು, ಹರಿದದ್ದಕ್ಕೆ ನಾಲ್ಕು ಮೊಟ್ಟೆ ಹೆಚ್ಚಿಗೆ ಇರಲಿ. ಕೋಳಿಮರಿಗೆ ಇಡೀ ಮೊಟ್ಟೆ ಹೋಗುತ್ತದೆ ಅನ್ನುವುದು ಲೆಕ್ಕದಲ್ಲಿರಲಿ.

ಹಿಂದಿನ ದಿನವೇ ಮಾಡಿಡಬಹುದಾ?

ತುಂಬುವುದೊಂದು ಬಿಟ್ಟು ಉಳಿದೆಲ್ಲ ಮಾಡಿಡಿ. ಹಿಂದಿನ ಸಂಜೆ ಬೇಯಿಸಿ, ಸುಲಿದು, ಬಣ್ಣ ಹಾಕಿ, ಒಣಗಿಸಿ, ಮುಚ್ಚಿದ ಡಬ್ಬದಲ್ಲಿ ಫ್ರಿಜ್‌ಗೆ ಇಡಿ. ಹೂರಣ ಕವರ್‌ನಲ್ಲೇ ಫ್ರಿಜ್‌ನಲ್ಲಿರಲಿ. ನೆಂಟರು ಬರುವ ಒಂದು ಗಂಟೆ ಮುಂಚೆ ತುಂಬಿ. ಟೊಮೆಟೊ ಟೋಪಿ, ಮೆಣಸಿನ ಪುಡಿ ಕೊನೆಗೆ.

ಹೊರಗೆ ಇಟ್ಟ ಮೇಲೆ ಎರಡು ಗಂಟೆ ಮಿತಿ. ಏಪ್ರಿಲ್, ಮೇ ಬಿಸಿಲಿನಲ್ಲಿ, ಶಾಮಿಯಾನದ ಕೆಳಗಾದರೆ ಒಂದೇ ಗಂಟೆ. ಅಗಲ ತಟ್ಟೆಯಲ್ಲಿ ಐಸ್ ಹರಡಿ, ಅದರ ಮೇಲೆ ಸ್ಟೀಲ್ ತಟ್ಟೆ ಇಟ್ಟು ಜೋಡಿಸಿ. ಎಲ್ಲವನ್ನೂ ಒಟ್ಟಿಗೆ ಹೊರಗಿಡದೆ ಅರ್ಧ ಫ್ರಿಜ್‌ನಲ್ಲಿರಲಿ.

ಬೇರೆ ಊರಿಗೆ ತಗೊಂಡು ಹೋಗಬೇಕು. ಉರುಳದಂತೆ ಹೇಗೆ?

ಪಡ್ಡು ಕಾವಲಿಯ ಗುಳಿಯಲ್ಲಿ ಹೋಳುಗಳು ಅಲುಗಾಡದೆ ಕೂರುತ್ತವೆ. ಹೂರಣದ ಕವರ್ ಐಸ್ ಡಬ್ಬಿಯಲ್ಲಿ ಬೇರೆ ಇರಲಿ, ಅಲ್ಲಿಗೆ ಹೋಗಿ ತುಂಬಿ. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವಷ್ಟು ದೂರಕ್ಕೂ ಐಸ್ ಬೇಕು.

ಮಿಕ್ಕಿದ್ದನ್ನು ಏನು ಮಾಡಲಿ?

ಮೇಜಿನ ಮೇಲೆ ಹೊತ್ತು ಮೀರಿ ಇದ್ದದ್ದನ್ನು ಎಸೆಯಿರಿ, ಮನಸ್ಸು ಮಾಡಿ. ಫ್ರಿಜ್‌ನಲ್ಲೇ ಉಳಿದದ್ದನ್ನು ಎರಡು ದಿನದೊಳಗೆ ಮುಗಿಸಿ. ಎಲ್ಲ ಸೇರಿಸಿ ಹೆಚ್ಚಿ, ಸ್ವಲ್ಪ ಈರುಳ್ಳಿ ಹಾಕಿ ಬ್ರೆಡ್ಡಿಗೆ ತುಂಬಿದರೆ ಬೆಳಗಿನ ತಿಂಡಿ ಆಗುತ್ತದೆ. ಬಣ್ಣ ನೆನೆಸಿದ ನೀರನ್ನು ಮಾತ್ರ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಡಿ, ಚೆಲ್ಲಿ.